ಗೊಂಬೆಗೆ ಅರ್ಥ ಹೇಳುವ ಮಕ್ಕಳು

ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋದವರು ಬರಿಗೈಯಲ್ಲಿ ವಾಪಸಾಗುವುದಿಲ್ಲ. ಹೊಸದಾಗಿ ಮದುವೆಯಾದವರು ಕೋಟಿಲಿಂಗೇಶ್ವರನಿಗೆ ಕೈಮುಗಿದು ಕಬ್ಬಿನ ಕೊಡಿ ಹಿಡಿದು ಹೊರಡುತ್ತಾರೆ. ಮದುವೆಯಾಗಿ ನಾಲ್ಕೈದು ವರ್ಷ ಕಳೆದವರ ಹೆಗಲ ಮೇಲೆ ಮಗು, ಕೈಯಲ್ಲಿ ಆಟಿಕೆಯ ಪೊಟ್ಟಣ. ಕೋಟೇಶ್ವರಕ್ಕೆ ತಾಗಿಕೊಂಡೇ ಇರುವ ಬೀಜಾಡಿಯವರಿಗೆ ಇದು ಮನೆಬಾಗಿಲ ಜಾತ್ರೆ. ತೇರು ಎಳೆದ ಮರುದಿನ ಊರಿನ ಜಗಲಿಗಳನ್ನು ನೋಡುತ್ತ ಹೋದರೆ ಅಂಗಡಿಸಾಲಿನಲ್ಲಿ ಏನೇನು ಖರ್ಚಾಯಿತು ಎಂಬ ಲೆಕ್ಕ ಸಿಗುತ್ತದೆ: ಪೀಪಿ, ಬಲೂನು, ಪ್ಲಾಸ್ಟಿಕ್ಕಿನ ಜೆಸಿಬಿ, ಕಣ್ಣು ಮುಚ್ಚಿ ತೆರೆಯುವ ಗೊಂಬೆ, ಹೊಟ್ಟೆ ಒತ್ತಿದರೆ ಹಾಡುವ ಗೊಂಬೆ.

ಈ ಹಾಡುವ ಗೊಂಬೆಯ ಜಾತಕ ವಿಚಿತ್ರ. ಮೊದಲ ವಾರ ಅದು ಹಾಡುತ್ತದೆ, ಮಗು ಕೇಳುತ್ತದೆ. ಎಷ್ಟು ಸಲ ಒತ್ತಿದರೂ ಅದೇ ಹಾಡು. ಸೆಲ್ಲು ಮುಗಿದ ದಿನ ಮಗು ಅಳುತ್ತದೆ, ಮನೆಯವರು ಒಳಗೊಳಗೇ ಉಸ್ಸಪ್ಪಾ ಅನ್ನುತ್ತಾರೆ. ಆಮೇಲೊಂದು ದಿನ ಆ ಗೊಂಬೆಗೆ ಜ್ವರ ಬರುತ್ತದೆ. ಮತ್ತೊಂದು ದಿನ ಅದು ಗಂಜಿ ಊಟ ಒಲ್ಲೆ ಎಂದು ಹಟ ಹಿಡಿಯುತ್ತದೆ. ಬಾಯಿ ಕಟ್ಟಿದ ಮೇಲೆಯೇ ಗೊಂಬೆಗೆ ಜೀವ ಬಂದಿದೆ. ತಾನೇ ಮಾತಾಡುವ ಗೊಂಬೆಗೆ ಮಗುವಿನಿಂದ ಏನೂ ಆಗಬೇಕಾಗಿಲ್ಲ. ಮಾತಾಡದ ಗೊಂಬೆಯ ಪರವಾಗಿ ಯಾರಾದರೂ ಮಾತಾಡಲೇಬೇಕಲ್ಲ?

ಗೊಂಬೆಯಾಟದಿಂದ ಮಕ್ಕಳು ಸಂಸ್ಕೃತಿ ಕಲಿಯುತ್ತಾರೆ, ಇನ್ನೊಬ್ಬರ ನೋವು ಅರಿಯುತ್ತಾರೆ ಎಂದು ಈಚೆಗೆ ಎಲ್ಲರೂ ಹೇಳುತ್ತಾರೆ. ಹೇಗೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಕುಂದಾಪುರದ ಕಡೆಯವನಾಗಿ ನನಗೆ ತೋರುವ ಉತ್ತರ ಒಂದೇ: ಇನ್ನೊಬ್ಬರ ಪರವಾಗಿ ಮಾತಾಡುವುದು. ನಮ್ಮಲ್ಲಿ ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ತಾಳಮದ್ದಲೆಯಲ್ಲಿ ದೊಡ್ಡವರು ಮಾಡುವುದನ್ನು ಜಗಲಿಯಲ್ಲಿ ಐದು ವರ್ಷದ ಹುಡುಗಿ ಗೊಂಬೆಯೆದುರು ಮಾಡುತ್ತಿರುತ್ತಾಳೆ.

ಜಗಲಿಯ ಪ್ರಸಂಗಗಳು ಊರಿನಿಂದಲೇ ಹುಟ್ಟಿದವು. ಕಡಲ ಬದಿಯ ಮನೆಯಾದರೆ ಗೊಂಬೆಯ ಅಪ್ಪ ದೋಣಿಯ ಮೇಲೆ ಹೋಗಿರುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಲ್ಲವೆ, ಆ 61 ದಿನ ಗೊಂಬೆಯ ಅಪ್ಪನೂ ಮನೆಯಲ್ಲೇ ಇದ್ದು ಬಲೆ ನೇಯುತ್ತಾನೆ. ತಾಯಿ ಗೇರುಬೀಜದ ಕಾರ್ಖಾನೆಗೆ ಹೋಗುವವಳಾದರೆ ಗೊಂಬೆಯನ್ನು ಬೆಳಿಗ್ಗೆಯೇ ಅಜ್ಜಿಯ ಹತ್ತಿರ ಬಿಟ್ಟುಹೋಗುವ ದೃಶ್ಯ ಇರುತ್ತದೆ. ಮುಂಬಯಿ, ಬೆಂಗಳೂರುಗಳ ಹೋಟೆಲಿನಲ್ಲಿ ದುಡಿಯುವ ಅಪ್ಪಂದಿರ ಮನೆಗಳಲ್ಲಿ ಫೋನಿನ ಪಾತ್ರ ದೊಡ್ಡದು. ಇಂಥ ಒಂದು ಆಟವನ್ನು ಬದಿಯಲ್ಲಿ ಕುಳಿತು ನೋಡಿದ್ದೇನೆ. ಮುಂಬಯಿಯಿಂದ ಅಪ್ಪನ ಕರೆ ಬಂದಿದೆ, ಗೊಂಬೆ ಸಿಟ್ಟು ಮಾಡಿಕೊಂಡು ಗೋಡೆಗೆ ಮುಖ ತಿರುಗಿಸಿದೆ. ಹುಡುಗಿ ಅದನ್ನು ರಮಿಸುತ್ತಿದ್ದಳು: "ಒಂದ್ ಮಾತಾಡ್ ಮಗಾ, ಇಲ್ದಿರೆ ಅಪ್ಪಯ್ಯಂಗೆ ಬೇಜಾರ್ ಆತ್ತ್." ಹಿಂದಿನ ವಾರ ನಿಜವಾಗಿ ಫೋನು ಮುಟ್ಟಲಾರೆ ಎಂದು ಹಟ ಮಾಡಿದವಳು ಅವಳೇ ಎಂದು ಅವಳ ಅಜ್ಜಿ ನಗುತ್ತ ಹೇಳಿದರು. ತನ್ನ ಸಿಟ್ಟನ್ನು ಗೊಂಬೆಗೆ ಕೊಟ್ಟು ತಾನು ತಾಯಿಯ ಜಾಗದಲ್ಲಿ ನಿಂತ ಕೂಡಲೇ ಅವಳಿಗೆ ದೂರದಲ್ಲಿರುವ ಅಪ್ಪನ ಬೇಸರ ಕಂಡಿತು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹೇಳಿಕೊಡಲು ಹೋಗಿದ್ದರೆ ಅವಳು ಇನ್ನಷ್ಟು ಹಟ ಹಿಡಿಯುತ್ತಿದ್ದಳು.

ಗೊಂಬೆಗೆ ಇಂಜೆಕ್ಷನ್ ಚುಚ್ಚುವ ಆಟವೂ ಇದೇ ಜಾತಿಯದು. ಆರೋಗ್ಯ ಕೇಂದ್ರದಿಂದ ಅತ್ತು ಬಂದ ಮಗು ಮನೆಗೆ ಬಂದು ತಾನೇ ಡಾಕ್ಟರಾಗುತ್ತದೆ. ಮೊದಲೆರಡು ಸಲ ಗೊಂಬೆಗೆ ಜೋರಾಗಿ ಚುಚ್ಚುತ್ತದೆ, ಬೈಯುತ್ತದೆ. ಆಮೇಲೆ ಚುಚ್ಚಿದ ಜಾಗ ತಿಕ್ಕಿ ಸಮಾಧಾನ ಮಾಡುತ್ತದೆ. ಮೊದಲ ಭಾಗವನ್ನಷ್ಟೇ ನೋಡಿ "ಹಾಗೆಲ್ಲ ಹೊಡೆಯಬಾರದು" ಎಂದು ನಡುವೆ ಬಾಯಿ ಹಾಕುವ ದೊಡ್ಡವರಿಂದ ಎರಡನೆಯ ಭಾಗ ನಿಂತೇ ಹೋಗುತ್ತದೆ.

ಈಗ ದೊಡ್ಡವರ ಆಟಕ್ಕೆ ಬರೋಣ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕುಳಿತಲ್ಲೇ ಪಾತ್ರದ ಮಾತನ್ನು ಆಗಿಂದಾಗಲೇ ಕಟ್ಟಿ ಹೇಳುತ್ತಾನೆ. ಇವತ್ತು ಕರ್ಣನ ಅರ್ಥ ಹೇಳಿದವನಿಗೆ ನಾಳೆ ಅರ್ಜುನ ಸಿಗಬಹುದು. ರಾವಣನ ಅರ್ಥ ಹೇಳುವವನು ಆ ಹೊತ್ತಿಗೆ ರಾವಣನ ವಾದವನ್ನು ತನ್ನದೆಂದು ನಂಬದಿದ್ದರೆ ಕೂಟ ಸಪ್ಪೆಯಾಗುತ್ತದೆ. ಎದುರಾಳಿಯ ನೋವನ್ನೂ ನ್ಯಾಯವನ್ನೂ ಬಾಯಲ್ಲಿ ಹೇಳಿ ಅಭ್ಯಾಸವಾದವನು ಮನೆಗೆ ಹೋಗಿ ಏನು ಮಾಡುತ್ತಾನೋ ಗೊತ್ತಿಲ್ಲ, ಒಂದು ರಾತ್ರಿಯ ಮಟ್ಟಿಗಾದರೂ ಆ ಕಡೆಯ ಲೋಕ ಕಂಡಿರುತ್ತಾನೆ. ಮಕ್ಕಳಿಗೂ ಇದರಲ್ಲಿ ಪಾಲುಂಟು. ನವರಾತ್ರಿಯ ಹೊತ್ತಿಗೆ ಕುಂದಾಪುರದ ಕಡೆ ಹೂವಿನಕೋಲು ಬರುತ್ತದೆ. ಹುಡುಗರು ಹೂ ಕಟ್ಟಿದ ಕೋಲು ಹಿಡಿದು ಭಾಗವತರ ಜತೆ ಮನೆಮನೆಗೆ ಹೋಗಿ, ಎದುರುಬದುರು ಕುಳಿತು ಪ್ರಸಂಗದ ತುಣುಕಿಗೆ ಅರ್ಥ ಹೇಳುತ್ತಾರೆ. ಕೋಟದ ಕಡೆ 1975ರಲ್ಲಿ ಸಾಲಿಗ್ರಾಮ ಮಕ್ಕಳ ಮೇಳ ಹುಟ್ಟಿದ ಮೇಲೆ ಮಕ್ಕಳೇ ಗೆಜ್ಜೆ ಕಟ್ಟಿ, ಕಿರೀಟ ಹೊತ್ತು ರಂಗಕ್ಕೆ ಬಂದರು. ಮಕ್ಕಳ ಮೇಳದಲ್ಲಿ ರಾಕ್ಷಸನ ವೇಷಕ್ಕೆ ಹುಡುಗರು ಜಗಳವಾಡುತ್ತಾರೆ ಎಂಬುದು ತಿಳಿದವರಿಗೆಲ್ಲ ಗೊತ್ತು. ರಾಮನ ಪರ ಮಾತಾಡಲು ಊರೆಲ್ಲ ಇದೆ, ರಾಕ್ಷಸನಿಗೆ ತಾನೊಬ್ಬನೇ ಎಂಬ ಲೆಕ್ಕಾಚಾರ ಇರಬೇಕು.

ಗೊಂಬೆ ಮತ್ತು ಅರ್ಥಗಾರಿಕೆ ಎರಡೂ ಒಂದೇ ಕಡೆ ಕೂಡಿದ ಜಾಗವೂ ಬೀಜಾಡಿಗೆ ದೂರವೇನಿಲ್ಲ. ಹೆದ್ದಾರಿ ಹಿಡಿದು ಕುಂದಾಪುರ ದಾಟಿ ತಲ್ಲೂರಿನ ಹತ್ತಿರ ಪಕ್ಕಕ್ಕೆ ತಿರುಗಿದರೆ ಉಪ್ಪಿನಕುದ್ರು. ಸುತ್ತ ಹೊಳೆ, ಒಳಗೆ ತೆಂಗಿನ ತೋಟ. ಇಲ್ಲಿನ ಕಾಮತ್ ಮನೆತನದ ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿ ಮುನ್ನೂರು ವರ್ಷಗಳಿಗೂ ಮಿಕ್ಕಿದ ಪರಂಪರೆ ತನ್ನದೆಂದು ಹೇಳುತ್ತದೆ. ದೇವಣ್ಣ ಪದ್ಮನಾಭ ಕಾಮತರ ಕಾಲದಲ್ಲಿ ಊರೂರು ತಿರುಗಿದ ಆಟ, ಅವರ ಮಗ ಕೊಗ್ಗ ಕಾಮತರ ಕಾಲದಲ್ಲಿ ದೇಶದ ಗಡಿ ದಾಟಿತು. ಕೊಗ್ಗ ಕಾಮತರಿಗೆ 1980ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, ಮುಂದೆ ಮಧ್ಯಪ್ರದೇಶ ಸರ್ಕಾರದ ತುಳಸಿ ಸಮ್ಮಾನವೂ ಸಂದಿತು. ಈಗ ಅವರ ಮಗ ಭಾಸ್ಕರ ಕೊಗ್ಗ ಕಾಮತರು ಸೂತ್ರ ಹಿಡಿದಿದ್ದಾರೆ. ಊರಿನಲ್ಲೇ ಗೊಂಬೆಮನೆ ಎದ್ದು ನಿಂತಿದೆ.

ಒಂದೂವರೆ ಅಡಿಯ ಆಸುಪಾಸಿನ ಮರದ ಗೊಂಬೆಗಳು. ತಲೆ, ಕೈ, ಕಾಲು, ಬೆನ್ನಿಗೆ ದಾರ. ಬಡಗುತಿಟ್ಟಿನ ಮೇಳದಲ್ಲಿ ಕಾಣುವ ಕೇದಗೆ ಮುಂದಲೆ, ಕಿರೀಟ, ಎದೆಕಟ್ಟು, ಭುಜಕೀರ್ತಿ ಎಲ್ಲವೂ ಆ ಅಳತೆಗೆ ಇಳಿದಿವೆ. ಹಿಮ್ಮೇಳದಲ್ಲಿ ಭಾಗವತಿಕೆ, ಮದ್ದಲೆ, ಚಂಡೆ. ಮನುಷ್ಯ ವೇಷಧಾರಿ ಹಾಕುವ ಹೆಜ್ಜೆಯನ್ನೇ ಗೊಂಬೆಯೂ ಹಾಕಬೇಕು. ಕುಂದಾಪುರದ ಪ್ರೇಕ್ಷಕ ತಾಳ ತಪ್ಪಿದರೆ ಗೊಂಬೆಯೆಂದು ರಿಯಾಯಿತಿ ಕೊಡುವವನಲ್ಲ. ಮಂಡಳಿಯವರು ಆಡುವ ಲಂಕಾದಹನದಲ್ಲಿ ಹನುಮಂತ ಬಂದರೆ ಮುಂದಿನ ಸಾಲಿನ ಮಕ್ಕಳು ಎದ್ದು ನಿಲ್ಲುತ್ತಾರೆ. ಅಶೋಕವನದ ಸೀತೆ ಬಂದಾಗ ಅದೇ ಮಕ್ಕಳು ತಟ್ಟನೆ ಕುಳಿತುಬಿಡುತ್ತಾರೆ. ಬಣ್ಣ ಹಚ್ಚಿದ ಮರದ ಮುಖದಲ್ಲಿ ಒಂದು ಗೆರೆಯೂ ಕದಲಿಲ್ಲ, ತಲೆ ತುಸು ಬಾಗಿತು, ಅಷ್ಟೇ. ಉಳಿದ ದುಃಖವನ್ನೆಲ್ಲ ಮಕ್ಕಳೇ ತುಂಬಿಕೊಂಡರು. ಮುಖ ಅಲುಗಾಡದ ಕಡೆ ನೋಡುವವರ ಮನಸ್ಸಿಗೆ ಕೆಲಸ ಹೆಚ್ಚು.

ಈ ಮನೆತನದವರ ಮನೆಮಾತು ಕೊಂಕಣಿ ಎಂಬುದನ್ನು ಇಲ್ಲಿ ಹೇಳಲೇಬೇಕು. ಮನೆಯಲ್ಲಿ ಕೊಂಕಣಿ ಆಡಿ, ಪರದೆಯ ಹಿಂದೆ ನಿಂತು ಕನ್ನಡದಲ್ಲಿ ರಾವಣನಾಗುವ ಸಂಸಾರ ತಲೆಮಾರುಗಳಿಂದ ನಮ್ಮ ನಡುವೆ ಇದೆ. ಸಂಸ್ಕೃತಿಯನ್ನು ಮಕ್ಕಳಿಗೆ ಪರಿಚಯಿಸುವುದು ಹೇಗೆಂದು ವಿಚಾರಸಂಕಿರಣ ನಡೆಸುವವರು ಒಂದು ಸಂಜೆ ಅಲ್ಲಿಗೆ ಹೋಗಿ ಬಂದರೆ ಚಹಾ, ಬಿಸ್ಕೀಟಿನ ಖರ್ಚಾದರೂ ಉಳಿದೀತು.

ವಿಜ್ಞಾನವೂ ಈಚೆಗೆ ಈ ಕಡೆ ಮುಖ ಮಾಡಿದೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 4ರಿಂದ 8 ವರ್ಷದ 33 ಮಕ್ಕಳ ತಲೆಗೆ ಬೆಳಕಿನ ಸಹಾಯದಿಂದ ಮಿದುಳಿನ ಚಟುವಟಿಕೆ ಅಳೆಯುವ ಟೊಪ್ಪಿ ತೊಡಿಸಿ, ಒಮ್ಮೆ ಗೊಂಬೆಯ ಜತೆ, ಒಮ್ಮೆ ಟ್ಯಾಬ್ಲೆಟ್ಟಿನ ಆಟದ ಜತೆ ಬಿಟ್ಟು ನೋಡಿದರು. ಇನ್ನೊಬ್ಬರ ಮನಸ್ಸನ್ನು ಊಹಿಸುವಾಗ ಕೆಲಸ ಮಾಡುವ ಮಿದುಳಿನ ಭಾಗ, ಮಗು ಒಂಟಿಯಾಗಿ ಗೊಂಬೆಯಾಟ ಆಡುತ್ತಿದ್ದಾಗಲೂ ಚುರುಕಾಗಿತ್ತು. ಟ್ಯಾಬ್ಲೆಟ್ಟಿನಲ್ಲಿ ಒಂಟಿಯಾಗಿ ಆಡುವಾಗ ಅಷ್ಟು ಚುರುಕಿರಲಿಲ್ಲ. ಅಧ್ಯಯನಕ್ಕೆ ಹಣ ಕೊಟ್ಟದ್ದು ಬಾರ್ಬಿ ತಯಾರಿಸುವ ಮ್ಯಾಟೆಲ್ ಕಂಪನಿ. ತನ್ನ ಬುಟ್ಟಿಯ ಮಾವು ಹುಳಿಯೆಂದು ಯಾವ ವ್ಯಾಪಾರಿ ಹೇಳಿಯಾನು? ಹಾಗೆಂದು ಫಲಿತಾಂಶವನ್ನು ತಳ್ಳಿಹಾಕಬೇಕಿಲ್ಲ. ಒಂಟಿ ಮಗು ಗೊಂಬೆಯೆದುರು ಒಂಟಿಯಲ್ಲ ಎಂಬುದು ಜಗಲಿಯಲ್ಲಿ ಕಂಡದ್ದಕ್ಕೆ ಹೊಂದುತ್ತದೆ. ಬಾರ್ಬಿಯೇ ಬೇಕೆಂದು ಆ ಅಧ್ಯಯನದಿಂದ ಸಿದ್ಧವಾಗುವುದಿಲ್ಲ, ಅಷ್ಟು ನೆನಪಿಟ್ಟರೆ ಸಾಕು.

ಇದಕ್ಕಿಂತ ನನಗೆ ಹೆಚ್ಚು ಹಿಡಿಸುವವರು ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್. ಎಳೆಯ ಮಗು ಎಲ್ಲಿ ಹೋದರೂ ಎಳೆದುಕೊಂಡು ಹೋಗುವ ಬಟ್ಟೆಯ ತುಂಡು, ಕೊಳಕು ಗೊಂಬೆಗಳ ಬಗ್ಗೆ 1953ರಲ್ಲಿ ಪ್ರಕಟವಾದ ಅವರ ಪ್ರಬಂಧ ಪ್ರಸಿದ್ಧ. ತಾಯಿಗೂ ಹೊರಗಿನ ಲೋಕಕ್ಕೂ ನಡುವಿನ ಮೊದಲ ಆಸ್ತಿ ಅದು ಎಂದವರು ಗುರುತಿಸಿದರು. ಅದನ್ನು ತೊಳೆದರೆ ವಾಸನೆ ಹೋಗಿ ಮಗುವಿಗೆ ಕೊಂಡಿ ಕಳಚಿದ ಹಾಗಾಗುತ್ತದೆ ಎಂದು ತಾಯಂದಿರಿಗೆ ಗೊತ್ತಿರುತ್ತದೆ ಎಂಬ ಮಾತೂ ಅದರಲ್ಲಿದೆ. ಅಮ್ಮನ ಹಳೆಯ ವಾಯಿಲ್ ಸೀರೆಯ ತುಂಡಿಲ್ಲದೆ ನಿದ್ದೆ ಮಾಡದ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ! ಅದೇ ಸೀರೆಯನ್ನು ಸುತ್ತಿ ಗಂಟು ಹಾಕಿದರೆ ಬಟ್ಟೆಯ ಗೊಂಬೆ ಆಯಿತು. ಅಡಿಕೆ ಹಾಳೆಯ ಮೇಲೆ ಮಸಿಯಿಂದ ಕಣ್ಣು ಮೂಗು ಬರೆದರೆ ಇನ್ನೊಂದು. ಹಾಳೆಯ ಗೊಂಬೆ ಎರಡು ದಿನಕ್ಕೆ ಒಣಗಿ ಮುರುಟುತ್ತದೆ, ಆಗ ಮಗು ಅದನ್ನು ಮುದುಕಿ ಮಾಡಿಕೊಳ್ಳುತ್ತದೆ.

ಇಷ್ಟರವರೆಗೆ ಒಳ್ಳೆಯದನ್ನೇ ಹೇಳಿದೆ. ಗೊಂಬೆಯಾಟ ಕೆಟ್ಟದ್ದನ್ನೂ ಅಷ್ಟೇ ಚೆನ್ನಾಗಿ ಕಲಿಸುತ್ತದೆ. ಯಾರು ಒಳಗೆ ಬರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರಿಗೆ ಬೇರೆ ಲೋಟ ಎಂಬುದನ್ನೆಲ್ಲ ಮಕ್ಕಳು ಗೊಂಬೆಗಳನ್ನು ಕೂರಿಸುವ ಕ್ರಮದಲ್ಲೇ ತೋರಿಸಿಬಿಡುತ್ತಾರೆ. ಮನೆಯ ಗುಟ್ಟು ಹೊರಗೆ ಹೋಗಬಾರದೆಂದಿದ್ದರೆ ಮಗುವಿನ ಗೊಂಬೆಯಾಟಕ್ಕೆ ನೆಂಟರನ್ನು ಕರೆಯಬಾರದು.

ಇನ್ನೊಬ್ಬರ ವೇಷ ತೊಟ್ಟ ಮಾತ್ರಕ್ಕೆ ಅವರ ನೋವು ತಿಳಿಯುತ್ತದೆ ಎಂಬುದೂ ಸುಳ್ಳು. ಸಾಕ್ಷಿ ನಮ್ಮ ಕರಾವಳಿಯಲ್ಲೇ ಇದೆ. ಅಷ್ಟಮಿ, ಮಾರ್ನೆಮಿಗಳಲ್ಲಿ ಮೈಗೆ ಮಸಿ ಬಳಿದು ಕೊರಗರ ವೇಷ ಹಾಕಿ ಮನೆಮನೆಗೆ ಹೋಗುವುದು ಬಹುಕಾಲ ನಡೆದಿತ್ತು. ನೋಡುವವರಿಗೆ ಅದು ತಮಾಷೆ, ಕೊರಗರಿಗೆ ಹಂಗಿಸುವಿಕೆ. ಅವರ ಮಾತನ್ನು, ನಡೆಯನ್ನು ಅಣಕಿಸಿದವರಲ್ಲಿ ಒಬ್ಬರೂ ಅವರ ಪರವಾಗಿ ಅರ್ಥ ಹೇಳಲಿಲ್ಲ. ಕೊರಗ ಸಮುದಾಯವೇ ಎದ್ದು ಪ್ರತಿಭಟಿಸಬೇಕಾಯಿತು. ಅವರನ್ನು ಅಮಾನುಷವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ ಸರ್ಕಾರ 2000ದ ಕಾಯ್ದೆಯಿಂದ ನಿಷೇಧಿಸಿತು. ವೇಷಕ್ಕೂ ತಡೆ ಬಿತ್ತು. ಅಣಕಕ್ಕೂ ಅರ್ಥಗಾರಿಕೆಗೂ ಇರುವ ಅಂತರವನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ಶಾಲೆಗಳು ಈ ಕತೆಯನ್ನು ಹೇಳುವುದೇ ಇಲ್ಲ ಎಂಬುದು ನಮ್ಮ ಸಂಕೋಚಕ್ಕೆ ಸಾಕ್ಷಿ.

ಬಣ್ಣದ ಮಾತೂ ಹೀಗೆಯೇ. 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್, ಮೈಬಣ್ಣ ಬಿಟ್ಟರೆ ಉಳಿದೆಲ್ಲ ಒಂದೇ ಥರ ಇದ್ದ ಗೊಂಬೆಗಳನ್ನು ಕಪ್ಪು ಮಕ್ಕಳ ಮುಂದಿಟ್ಟು ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯನ್ನು ಒಳ್ಳೆಯದೆಂದರು. ಕಪ್ಪು ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಸಲ್ಲದೆಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಅವರ ಕೆಲಸಕ್ಕೆ ಜಾಗ ಸಿಕ್ಕಿತು. ಕಡಲ ಬಿಸಿಲಲ್ಲಿ ಬೆಂದ ನಮ್ಮ ಊರಿನ ಮಕ್ಕಳಿಗೆ ಜಾತ್ರೆಯಲ್ಲಿ ಸಿಗುವುದು ಹಾಲಿನ ಬಣ್ಣದ ಮೈ, ಚಿನ್ನದ ಕೂದಲಿನ ಗೊಂಬೆ ಮಾತ್ರ. ಕಪ್ಪು ಗೊಂಬೆ ಇದೆಯೇ ಎಂದು ಅಂಗಡಿಯವನನ್ನು ಕೇಳಿ ನೋಡಿ. ಅವನು ನಿಮ್ಮ ಮುಖ ನೋಡುತ್ತಾನೆ.

ಗಂಡು ಹುಡುಗ ಗೊಂಬೆ ಮುಟ್ಟಿದರೆ ಮುಸಿಮುಸಿ ನಗುವವರೂ ನಮ್ಮಲ್ಲಿದ್ದಾರೆ. ಈ ನಗು ಯಕ್ಷಗಾನದ ಸೀಮೆಯಲ್ಲಿ ಹುಟ್ಟಿದ್ದು ಹೇಗೋ! ಹೆಣ್ಣುವೇಷವನ್ನು ಗಂಡಸರೇ ಕಟ್ಟಿ ಬೆಳೆಸಿದ ರಂಗ ನಮ್ಮದು. ಬಡಗಿನ ಮಂಟಪ ಪ್ರಭಾಕರ ಉಪಾಧ್ಯರು ಹೆಣ್ಣಿನ ಪಾತ್ರಗಳನ್ನೇ ಹಿಡಿದು ಏಕವ್ಯಕ್ತಿ ಪ್ರದರ್ಶನಗಳನ್ನು ಕೊಟ್ಟವರು. ಉಪ್ಪಿನಕುದ್ರುವಿನ ಪರದೆಯ ಹಿಂದೆ ಸೂತ್ರ ಹಿಡಿದು ನಿಂತವರೂ ಮೀಸೆ ಬಂದ ಗಂಡಸರೇ. ಮಗುವನ್ನು ಎತ್ತಿಕೊಳ್ಳುವುದು, ಉಣಿಸುವುದು, ಅತ್ತರೆ ಸಮಾಧಾನ ಮಾಡುವುದನ್ನು ಹುಡುಗ ಗೊಂಬೆಯ ಮೇಲೆ ರೂಢಿ ಮಾಡಿಕೊಂಡರೆ ಇಪ್ಪತ್ತೈದು ವರ್ಷದ ನಂತರ ಯಾರದೋ ಮನೆಯ ಹೆಣ್ಣುಮಗಳಿಗೆ ಉಪಕಾರವಾಗುತ್ತದೆ.

ಹಾಗೆ ನೋಡಿದರೆ ಎಲ್ಲ ಗೊಂಬೆಗಳೂ ಆಡುವುದಕ್ಕಿಲ್ಲ. ಮೈಸೂರು ಸೀಮೆಯ ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳನ್ನು ಮೆಟ್ಟಿಲ ಮೇಲೆ ಕೂರಿಸುತ್ತಾರೆ. ತಾಯಿಯಿಂದ ಮಗಳಿಗೆ ಬರುವ ಆ ಜೋಡಿ ಗೊಂಬೆಗಳನ್ನು ಮಕ್ಕಳು ದೂರದಿಂದ ನೋಡಬೇಕು. ಕೆಳಗಿನ ಸಾಲಿನ ಸೆಟ್ಟಿ ದಂಪತಿ, ತರಕಾರಿ ಅಂಗಡಿಗಳಲ್ಲಿ ಮಾತ್ರ ಸ್ವಲ್ಪ ಕೈಯಾಡಿಸಬಹುದು. ಉತ್ತರ ಕರ್ನಾಟಕದ ಗುಳ್ಳವ್ವನಿಗೆ ಆ ಬಿಗುಮಾನವಿಲ್ಲ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನಿಂದ ಅವಳನ್ನು ಮಾಡಿ, ಗುಲಗಂಜಿ ಚುಚ್ಚಿ ಸಿಂಗರಿಸಿ, ಸುತ್ತ ಕುಳಿತು ಹಾಡುತ್ತಾರೆ. ನಮ್ಮ ಕಡೆ ಗೊಂಬೆ ಕೂರಿಸುವ ರೂಢಿ ಕಡಿಮೆ. ಇರುವ ದೊಡ್ಡ ಗೊಂಬೆಗಳೆಲ್ಲ ದೈವದವು. ಬ್ರಹ್ಮಾವರದ ಕಡೆಯ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದಲ್ಲಿ ಕೆಂಪು ಬಳಿದ ಮರದ ಉರುಗಳು ಸಾಲಾಗಿ ನಿಂತಿವೆ. ಅಲ್ಲಿನ ಹಳೆಯ ಉರುಗಳು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಮುಂದೆ ಗಲಾಟೆಯ ಮಗುವೂ ಅಜ್ಜಿಯ ಸೆರಗು ಹಿಡಿಯುತ್ತದೆ. ಎಲ್ಲವೂ ತನ್ನ ಕೈಗೊಂಬೆಯಲ್ಲ ಎಂದು ಮಗುವಿಗೆ ತಿಳಿಯಲು ಇಂಥವೂ ಬೇಕು.

ದೇಶದೇಶದ ಉಡುಪು ತೊಟ್ಟ ಗೊಂಬೆಗಳಿಂದ ಮಕ್ಕಳಿಗೆ ಜಗತ್ತು ತೋರಿಸುವ ಆಸೆಯೂ ಹಳೆಯದೇ. ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ದೆಹಲಿಯಲ್ಲಿ ತೆರೆದ ಅಂತರರಾಷ್ಟ್ರೀಯ ಗೊಂಬೆ ಸಂಗ್ರಹಾಲಯದಲ್ಲಿ ಸುಮಾರು 85 ದೇಶಗಳ ಗೊಂಬೆಗಳಿವೆ. ಇನ್ನೂ ಹಿಂದೆ, 1927ರಲ್ಲಿ ಅಮೆರಿಕದ ಮಕ್ಕಳ ಹೆಸರಲ್ಲಿ 12,000ಕ್ಕೂ ಹೆಚ್ಚು ಗೊಂಬೆಗಳು ಸ್ನೇಹದ ಕಾಣಿಕೆಯಾಗಿ ಜಪಾನಿಗೆ ಹೋದವು. ಜಪಾನ್ ಪ್ರತಿಯಾಗಿ 58 ದೊಡ್ಡ ಗೊಂಬೆಗಳನ್ನು ಕಳಿಸಿತು. ಹದಿನೈದು ವರ್ಷ ಕಳೆಯುವುದರೊಳಗೆ ಎರಡು ದೇಶಗಳೂ ಯುದ್ಧಕ್ಕೆ ನಿಂತವು, ನೀಲಿ ಕಣ್ಣಿನ ಆ ಗೊಂಬೆಗಳಲ್ಲಿ ಎಷ್ಟೋ ಜಪಾನಿನಲ್ಲಿ ಬೆಂಕಿಗೆ ಬಿದ್ದವು. ಹುಡುಕಿ ಸುಡಿಸಿದವರು ದೊಡ್ಡವರು. ಕೆಲವನ್ನು ಯಾರೋ ಶಾಲೆಯವರು ಬಚ್ಚಿಟ್ಟು ಉಳಿಸಿದ್ದರಿಂದ ಇವತ್ತಿಗೂ ಅಲ್ಲಿ ನೋಡಲು ಸಿಗುತ್ತವೆ.

ಅಂಗಡಿಯಿಂದ ತರುವವರಿಗೆ ಎರಡು ಮಾತು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ವಿನಾಯಿತಿ ಇದೆ. ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಹಾಲೆ ಮರ, ಅರಗಿನ ಬಣ್ಣದ ಚನ್ನಪಟ್ಟಣದ ಗೊಂಬೆ ವಾಸಿ. ಮಾತಾಡುವ ಗೊಂಬೆ ತಂದರೆ ಸೆಲ್ಲು ಹಾಕದೆ ಕೊಡಿ. ಹಾಳಾಗುತ್ತದೆಂದು ಗಾಜಿನ ಕಪಾಟಿನಲ್ಲಿಡುವುದಾದರೆ ತರಲೇಬೇಡಿ.

ಶಾಲೆ, ಅಂಗನವಾಡಿಗಳವರಲ್ಲಿ ಒಂದು ಕೋರಿಕೆ. ಮಕ್ಕಳ ಪ್ರವಾಸವೆಂದರೆ ಬಸ್ಸು ಮಾಡಿ ದೂರದ ಉದ್ಯಾನ, ಅಣೆಕಟ್ಟು ನೋಡಿಬರುವುದು ಎಂದಾಗಿದೆ. ಬೀಜಾಡಿಯ, ಗೋಪಾಡಿಯ, ಕೋಟೇಶ್ವರದ ಮಕ್ಕಳಿಗೆ ಉಪ್ಪಿನಕುದ್ರುವಿನ ಗೊಂಬೆಮನೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವಷ್ಟು ಹತ್ತಿರ. ಮೊದಲೇ ತಿಳಿಸಿ ಕರೆದುಕೊಂಡು ಹೋಗಿ, ಆಟ ತೋರಿಸಿ. ಮರುದಿನ ತರಗತಿಯಲ್ಲಿ ಪ್ರಬಂಧ ಬರೆಸುವ ಬದಲು ಮಕ್ಕಳ ಕೈಗೆ ಒಂದೊಂದು ಬಟ್ಟೆಯ ಗೊಂಬೆ ಕೊಟ್ಟು ಅರ್ಥ ಹೇಳಲು ಬಿಡಿ. ಎಲ್ಲರೂ ರಾವಣನೇ ಬೇಕೆಂದರೂ ಅಡ್ಡಿಲ್ಲ.